ಹೆದರಿಕೆಯ ಗ್ರಂಥಿ

16 ಆಗಸ್ಟ್ 1999, ಸೋಮವಾರ

ವಿಮೆ ಏಜೆಂಟ್ ಜನವರಿಯಲ್ಲಿ ಕೊಟ್ಟ ಈ ಡೈರಿಯಲ್ಲಿ ಇದುವರೆಗೆ ಒಂದಕ್ಷರ ಬರೆದಿರಲಿಲ್ಲ. ಏಳು ತಿಂಗಳು ಖಾಲಿ ಬಿಟ್ಟು ಇವತ್ತಿನ ಪುಟದಿಂದ ಶುರು ಮಾಡುತ್ತಿದ್ದೇನೆ, ಏಕೆಂದರೆ ಇದನ್ನು ಬಾಯಿಬಿಟ್ಟು ಹೇಳಲು ಮಾಣಿಯ ಈ ಮನೆಯಲ್ಲಿ ನನಗೆ ಯಾರೂ ಇಲ್ಲ. ಗಂಡ ರವೂಫ್ ಸೌದಿಯ ದಮಾಮಿನಲ್ಲಿದ್ದಾರೆ. ಮಾಮಿಗೆ, ಅಂದರೆ ಅವರ ತಾಯಿ ಸಫಿಯಮ್ಮನಿಗೆ, ಹೇಳಿದರೆ ಜಂಕ್ಷನ್ನಿನವರೆಗೆ ಕೇಳುವಂತೆ ಅಲ್ಲಾಹನನ್ನು ಕರೆಯುತ್ತಾರೆ. ಮಗಳು ಮುರ್ಶಿದಾಳಿಗೆ ಹನ್ನೆರಡು ವರ್ಷ. ಅವಳಿಗೆ ಹೇಳುವ ವಿಷಯ ಇದಲ್ಲ.

ಇವತ್ತು ಸಂಜೆಯ ನಮಾಜಿನಲ್ಲಿ ಮತ್ತೆ ಬಂತು. ಸುಜೂದ್‌ಗೆ ಬಾಗಿ ಹಣೆಯನ್ನು ನೆಲಕ್ಕೆ ಇಟ್ಟೆ, ಅಷ್ಟೇ. ಎದೆಯನ್ನು ಒಳಗಿನಿಂದ ಯಾರೋ ಗುದ್ದತೊಡಗಿದರು. ಬೆರಳುಗಳು ತಣ್ಣಗಾದವು, ತಲೆಯೊಳಗೆ ರಕ್ತ ಕುದಿಯಿತು. ಜೊತೆಗೆ ಹೆದರಿಕೆ. ಯಾವುದರ ಹೆದರಿಕೆ ಎಂದು ಕೇಳಿದರೆ ಹೇಳಲಾರೆ. ಈಗಲೇ, ಈ ಚಾಪೆಯ ಮೇಲೆಯೇ ಸಾಯುತ್ತೇನೆ ಎಂಬುದು ಬಿಟ್ಟರೆ ಬೇರೆ ಯೋಚನೆಯೇ ಇರಲಿಲ್ಲ. ನಮಾಜು ಅರ್ಧಕ್ಕೆ ಬಿಟ್ಟು ಎದ್ದು, ಕೋಣೆಯ ಬಾಗಿಲು ಹಾಕಿಕೊಂಡು ಗೋಡೆಗೆ ಒರಗಿ ಕೂತೆ. ಕನ್ನಡಿಯಲ್ಲಿ ನೋಡಿದರೆ ಮುಖ ಸುಣ್ಣ ಬಳಿದ ಹಾಗಿತ್ತು. ಉಟ್ಟ ಬಟ್ಟೆ ಬೆವರಿನಲ್ಲಿ ತೊಯ್ದಿತ್ತು. ಹತ್ತು ಹನ್ನೆರಡು ನಿಮಿಷಕ್ಕೆ ಬಂದ ಹಾಗೆಯೇ ಹೋಯಿತು.

ಜೂನ್‌ನಿಂದ ಈಚೆಗೆ ಇದು ಆರನೆಯ ಸಲ.

19 ಆಗಸ್ಟ್, ಗುರುವಾರ

ನಮಾಜಿಗೇ ಏಕೆ ಬರಬೇಕು? ಅನ್ನ ಬಸಿಯುವಾಗ ಬರಬಾರದೇ? ಮೂರನೇ ತರಗತಿಯವರ ಮಗ್ಗಿ ಕೇಳುವಾಗ ಬರಬಾರದೇ? ಹೆದರಿಕೆ ಆಗುವುದಾದರೆ ಆ ತರಗತಿಯಲ್ಲಿಯೇ ಆಗಬೇಕು. ದೇವರ ಮುಂದೆ ಬಾಗಿದಾಗ ತಡೆಯಲಾಗದೆ ಮೈಯೊಳಗೆ ಒದ್ದಾಡುವ ಪೀಡೆ ಯಾವುದು ಎಂದು ನಮ್ಮ ಕಡೆ ಚಿಕ್ಕ ಮಕ್ಕಳಿಗೂ ಗೊತ್ತು. ಅದನ್ನು ಬರೆಯಲು ಕೈ ಬರುತ್ತಿಲ್ಲ.

ಉಮ್ಮನಿಗೆ, ಅಂದರೆ ನನ್ನ ತಾಯಿಗೆ, ಒಬ್ಬ ತಂಗಿ ಇದ್ದಳು. ಹೆಸರು ಬರೆಯುವುದಿಲ್ಲ. ಪುತ್ತಿಗೆಯ ನನ್ನ ತವರಿನಲ್ಲಿ ಆ ಹೆಸರನ್ನು ಯಾರೂ ಹೇಳುವುದಿಲ್ಲ. ಮಾತಾಡುತ್ತಿದ್ದವಳು ಇದ್ದಕ್ಕಿದ್ದಂತೆ ಬಿಳಿಚಿಕೊಂಡು, ಎದೆ ಹಿಡಿದುಕೊಂಡು "ಬಂತು, ಬಂತು" ಎಂದು ಅಂಗಳಕ್ಕೆ ಓಡುತ್ತಿದ್ದಳು. ಏನು ಬಂತು ಎಂದರೆ ಗೊತ್ತಿಲ್ಲ. ಮಂತ್ರಿಸಿ ಊದಿದ ನೀರು ಕುಡಿಸಿದರು, ನೂಲು ಕಟ್ಟಿದರು, ಕೊನೆಗೆ ಹಿಂದಿನ ಕೋಣೆಗೆ ಹಾಕಿ ಹೊರಗಿನಿಂದ ಚಿಲಕ ಹಾಕಿದರು. ಒಂದು ಮಧ್ಯಾಹ್ನ ಊಟ ಕೊಡಲು ಬಾಗಿಲು ತೆಗೆದಾಗ ಅವಳು ಸತ್ತಿದ್ದಳು. ಅವಳಿಗೆ ಮೂವತ್ತೊಂದು, ನನಗೆ ಹನ್ನೊಂದು.

ನನ್ನ ಮದುವೆಯ ಮಾತುಕತೆಗೆ ಬಂದವರು ವಾಡಿಕೆಯಂತೆ, ಮನೆತನದಲ್ಲಿ ತಲೆ ಸರಿಯಿಲ್ಲದವರು ಇದ್ದಾರಾ ಎಂದು ಕೇಳಿದರು. ಅಣ್ಣ ಅಸ್ಕರ್ "ಹಾಗೆಂತದ್ದೂ ಇಲ್ಲ" ಎಂದ. ಒಳಗೆ ಚಹಾ ಸೋಸುತ್ತಿದ್ದ ನನಗೂ ಕೇಳಿಸಿತು. ಸೋಸುತ್ತಲೇ ಇದ್ದೆ.

ಈಗ ನನಗೆ ಮೂವತ್ತಮೂರು. ಈ ಮನೆಯವರಿಗೆ ಗೊತ್ತಾದರೆ ಮುರ್ಶಿದಾಳನ್ನು ನನ್ನ ಹತ್ತಿರ ಮಲಗಲು ಬಿಡುತ್ತಾರೆಯೇ?

ನಮಾಜು ತಪ್ಪಿಸಲು ಮಾಮಿಯ ಹತ್ತಿರ ಮುಟ್ಟು ಎಂದು ಸುಳ್ಳು ಹೇಳಿದೆ. ಅವರು ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಾ, "ಈ ತಿಂಗಳಲ್ಲಿ ಎಷ್ಟು ಸಲ ಮಾರಾಯ್ತಿ ನಿನ್ನದು? ನನಗೆ ಐದು ಹೆತ್ತರೂ ಇಷ್ಟು ಲೆಕ್ಕ ತಪ್ಪಲಿಲ್ಲ" ಎಂದರು. ನಕ್ಕೆ. ನಗು ಬರುತ್ತದೆ ಇನ್ನೂ, ಅದೊಂದು ಪುಣ್ಯ.

27 ಆಗಸ್ಟ್, ಶುಕ್ರವಾರ

ರವೂಫ್ ಫೋನ್ ಮಾಡಿದ್ದರು. "ಆರೋಗ್ಯ ಹೇಗುಂಟು?" ಎಂದರು. "ಎಲ್ಲ ಚೆನ್ನಾಗಿದ್ದೇವೆ" ಎಂದೆ. ಮುರ್ಶಿದಾಳ ಕೈಗೆ ರಿಸೀವರ್ ಕೊಟ್ಟರೆ ಅವಳೂ ಹಾಗೆಯೇ ಹೇಳಿದಳು.

ಅವಳು ನಾನು ಕಲಿಸುವ ಶಾಲೆಯಲ್ಲೇ ಏಳನೆಯ ತರಗತಿ. ಖೋಖೋ ತಂಡದಿಂದ ಹೆಸರು ತೆಗೆಸಿದ್ದಾಳಂತೆ. ವಲಯ ಮಟ್ಟಕ್ಕೆ ಆಯ್ಕೆಯಾದ ಹುಡುಗಿ! ಏಕೆ ಎಂದರೆ "ಬೇಜಾರು" ಎನ್ನುತ್ತಾಳೆ. ಆಗಾಗ ತಲೆನೋವು ಬೇರೆ. ಕಾಂತಿ ಟೀಚರ್, "ಕನ್ನಡಕ ಬೇಕಾಗಿರಬಹುದು ನೋಡಿ" ಎಂದರು. ಬಿ.ಸಿ. ರೋಡಿಗೆ ಕರೆದುಕೊಂಡು ಹೋಗಿ ಕಣ್ಣು ಪರೀಕ್ಷೆ ಮಾಡಿಸಬೇಕು. ಟಿ.ವಿ.ಗೆ ಮೂಗು ತಾಗಿಸಿ ಕೂರುವವರಿಗೆ ಇನ್ನೇನಾಗುತ್ತದೆ.

14 ಸೆಪ್ಟೆಂಬರ್, ಮಂಗಳವಾರ

ಚುನಾವಣೆ ಡ್ಯೂಟಿಯಲ್ಲಿ ಬರೆಯಲಾಗಲಿಲ್ಲ. ನನ್ನನ್ನು ನೆರಿಯದ ಕಡೆಯ ಒಂದು ಮತಗಟ್ಟೆಗೆ ಹಾಕಿದ್ದರು. ಬೆಳ್ತಂಗಡಿಯಿಂದ ಜೀಪಿನಲ್ಲಿ ಹೋದೆವು. ಅಧಿಕಾರಿ ರುಕ್ಮಯ್ಯ ಮಾಸ್ಟ್ರು, ನಿವೃತ್ತಿಗೆ ಒಂದು ವರ್ಷ ಇರುವವರು. ದಿನವಿಡೀ ಏನೂ ಆಗಲಿಲ್ಲ. ನಮಾಜು ಮಾಡಿರಲಿಲ್ಲ, ಅದಕ್ಕೇ ಎಂದುಕೊಂಡೆ.

ಸಂಜೆ ಪೆಟ್ಟಿಗೆಗೆ ಅರಗು ಹಾಕುವಾಗ ಮುಚ್ಚಳ ಸರಿಯಾಗಿ ಕೂರಲಿಲ್ಲ. ಮಾಸ್ಟ್ರು "ಸ್ವಲ್ಪ ಭಾರ ಹಾಕಿ ಟೀಚರೇ" ಎಂದರು. ಪೆಟ್ಟಿಗೆಯ ಮೇಲೆ ಹೊಟ್ಟೆ ಊರಿ ಬಾಗಿ ಒತ್ತಿದೆ. ಒತ್ತಿದ್ದೇ ತಡ, ಬಂತು. ಇಷ್ಟು ಜೋರಾಗಿ ಎಂದೂ ಬಂದಿರಲಿಲ್ಲ. ಪಕ್ಷದ ಏಜೆಂಟರು, ಪೊಲೀಸರು ಎಲ್ಲರ ಮುಂದೆ ನೆಲಕ್ಕೆ ಕೂತೆ. ಮಾಸ್ಟ್ರಿಗೆ ಗಾಬರಿ. "ಹೆದರಬೇಡಿ ಟೀಚರೇ, ಇಲ್ಲಿ ಎಂತದ್ದೂ ಗಲಾಟೆ ಇಲ್ಲ, ನಾವೆಲ್ಲ ಇದ್ದೇವಲ್ಲ!" ಎಂದು ನೀರು ಕೊಟ್ಟರು. ಒಳ್ಳೆಯ ಮನುಷ್ಯ. ಆದರೆ ಶಿಕ್ಷಕರ ಗುಂಪಿನಲ್ಲಿ ಬಾಯಿ ನಿಲ್ಲುತ್ತದೆಯೇ? ಮತಪೆಟ್ಟಿಗೆ ನೋಡಿ ಹೆದರಿದ ಟೀಚರ್ ಎಂದು ಬಂಟ್ವಾಳದವರೆಗೆ ಸುದ್ದಿಯಾಗಿದೆ.

ಒಂದು ವಿಷಯ ಮಾತ್ರ ತಲೆಯಲ್ಲಿ ಕೊರೆಯುತ್ತಿದೆ. ಅಲ್ಲಿ ನಮಾಜು ಇರಲಿಲ್ಲ.

20 ಸೆಪ್ಟೆಂಬರ್, ಸೋಮವಾರ

ಸುದ್ದಿ ಮಾಮಿಗೂ ತಲುಪಿತು. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ನನ್ನನ್ನು ಮಲಗಿಸಿ ಹೊಟ್ಟೆ ಮುಟ್ಟಿ ನೋಡಿ, "ಹೊಕ್ಕುಳು ಸರಿದಿದೆ, ಮತ್ತೆಂತ ಇಲ್ಲ. ಬೆಚ್ಚಿ ಬಿದ್ದವರಿಗೆ ಹೀಗೇ ಆಗುವುದು" ಎಂದರು. ತೆಂಗಿನೆಣ್ಣೆ ಬೆಚ್ಚಗೆ ಮಾಡಿ ತಂದು ತಿಕ್ಕತೊಡಗಿದರು. ಅವರ ಕೈ ದಪ್ಪ, ಒರಟು, ಬೆಚ್ಚಗೆ. ಉಮ್ಮ ಹೋದ ಮೇಲೆ ಯಾರೂ ನನ್ನನ್ನು ಹಾಗೆ ಮುಟ್ಟಿರಲಿಲ್ಲ. ಕಣ್ಣು ಮುಚ್ಚಿ ಸುಖವಾಗಿ ಮಲಗಿದ್ದೆ.

ಬಲಗಡೆ ಪಕ್ಕೆಲುಬಿನ ಕೆಳಗೆ ಒತ್ತಿದರು. ಹೆದರಿಕೆ ಅಲ್ಲಿಂದಲೇ ಎದ್ದು ಬಂದ ಹಾಗಾಯಿತು. ಅವರ ಕೈ ತಳ್ಳಿ ಬಚ್ಚಲಿಗೆ ಓಡಿ ಬಾಗಿಲು ಹಾಕಿಕೊಂಡೆ, ವಾಂತಿ ಮಾಡಿದೆ. ಹೊರಗಿನಿಂದ ಅವರು ಬಾಗಿಲು ಬಡಿಯುತ್ತಿದ್ದರು. "ಎಂತ ಆಯ್ತು? ನಾನೆಂತ ಮಾಡಿದೆ ನಿನಗೆ?"

ಅವರಿಗೂ ಹೆದರಿಕೆಯಾಗಿತ್ತು, ದನಿಯಲ್ಲಿ ಗೊತ್ತಾಗುತ್ತಿತ್ತು.

25 ಸೆಪ್ಟೆಂಬರ್, ಶನಿವಾರ

ಮಾಮಿಯ ಒತ್ತಾಯಕ್ಕೆ ಹತ್ತಿರದ ಕ್ಲಿನಿಕ್ಕಿಗೆ ಹೋದೆ. ಡಾಕ್ಟರರು ಬಿ.ಪಿ. ನೋಡಿದರು. ನೂರಿಪ್ಪತ್ತು, ಎಂಬತ್ತು. ಇದಕ್ಕಿಂತ ಚಂದದ ಬಿ.ಪಿ. ಇಲ್ಲವಂತೆ. "ಗಂಡ ಗಲ್ಫಿನಲ್ಲಿ ಅಲ್ವಾ? ಒಬ್ಬರೇ ಯೋಚನೆ ಮಾಡಿ ಮಾಡಿ ಹೀಗೆ. ಎದೆ ಬಡಿತಕ್ಕೆ ಮಾತ್ರೆ ಕೊಡ್ತೇನೆ, ಧೈರ್ಯವಾಗಿರಿ" ಎಂದರು.

ಬರುವಾಗ ಮಾಮಿಗೆ ಸಮಾಧಾನ. ನನಗಲ್ಲ. ದೇಹದಲ್ಲಿ ಏನೂ ಇಲ್ಲ ಎಂದಮೇಲೆ ಉಳಿದದ್ದು ತಲೆಯೇ ತಾನೆ?

ಆ ಹಿಂದಿನ ಕೋಣೆಯ ಚಿಲಕ ಕಬ್ಬಿಣದ್ದು. ತುಕ್ಕು ಹಿಡಿದು ಹಾಕುವಾಗ ಕಿರುಗುಟ್ಟುತ್ತಿತ್ತು. ಹಾಕುವ ಕೆಲಸ ಕೆಲವು ಸಲ ನನಗೆ ಹೇಳುತ್ತಿದ್ದರು.

28 ಸೆಪ್ಟೆಂಬರ್

ಮೂರು ದಿನದಿಂದ ಮಾತ್ರೆ. ಎದೆ ಬಡಿತ ನಿಧಾನವಾಗಿದೆ. ತಲೆ ಮಾತ್ರ ಒಡೆದು ಹೋಗುವಷ್ಟು ನೋವು. ಮುರ್ಶಿದಾ ನನ್ನ ಹಣೆ ಒತ್ತುತ್ತಾ, "ಉಮ್ಮಾ, ನಿಂಗೆ ತಲೆನೋವು ಹಿಂದಿನಿಂದ ಶುರುವಾಗ್ತದಾ, ಮುಂದಿನಿಂದಲಾ?" ಎಂದು ಕೇಳಿದಳು. ಏನೆಲ್ಲ ಪ್ರಶ್ನೆ ಈ ಹುಡುಗಿಯದು.

4 ಅಕ್ಟೋಬರ್, ಸೋಮವಾರ. ಮಂಗಳೂರು, ಆಸ್ಪತ್ರೆ

ಬದುಕಿದ್ದೇನೆ. ಬರೆಯಲು ಕಾಂತಿ ಟೀಚರ್ ಡೈರಿ ತಂದುಕೊಟ್ಟರು. ಬಿಚ್ಚಿ ನೋಡಿಲ್ಲ ಎಂದು ಆಣೆ ಹಾಕಿದರು, ನಂಬಿದ್ದೇನೆ.

ಮೂವತ್ತನೆಯ ತಾರೀಕು ತರಗತಿಯಲ್ಲಿ ಚಾಕ್ ಬಿತ್ತು, ಹೆಕ್ಕಲು ಬಾಗಿದೆ. ಆಮೇಲೆ ಕಂಡದ್ದು ಮಕ್ಕಳ ಕಾಲುಗಳು ಮಾತ್ರ. ಕಣ್ಣು ಮಂಜಾಯಿತು, ಉಸಿರು ಸಿಗಲಿಲ್ಲ. ಕಾಂತಿ ಟೀಚರ್ ಸಿಕ್ಕಿದ ರಿಕ್ಷಾದಲ್ಲಿ ನನ್ನನ್ನು ಹಾಕಿಕೊಂಡು ಬಂಟ್ವಾಳಕ್ಕೆ ಹೋದರಂತೆ. ಅಲ್ಲಿಯ ನರ್ಸ್ ಬಿ.ಪಿ. ನೋಡಿ ಯಂತ್ರ ಹಾಳಾಗಿದೆ ಎಂದು ಬೇರೆ ಯಂತ್ರ ತಂದಳಂತೆ. ಎರಡರಲ್ಲೂ ಇನ್ನೂರ ನಲವತ್ತು. ಅಲ್ಲಿಂದ ಆಂಬುಲೆನ್ಸಿನಲ್ಲಿ ಇಲ್ಲಿಗೆ.

ಇಲ್ಲಿಯ ಹಿರಿಯ ಡಾಕ್ಟರರು ಕಮಲಾಕ್ಷ ಎಂದು. ತಲೆ ಪೂರ್ತಿ ಬೆಳ್ಳಗೆ, ಮಾತು ಮೆಲ್ಲಗೆ. ಮೊದಲು ಮಾಡಿದ ಕೆಲಸ ಆ ಮಾತ್ರೆ ನಿಲ್ಲಿಸಿದ್ದು.

7 ಅಕ್ಟೋಬರ್, ಗುರುವಾರ

ಇವತ್ತು ಡಾಕ್ಟರ್ ಕಮಲಾಕ್ಷರು ಕುರ್ಚಿ ಎಳೆದುಕೊಂಡು ಕೂತರು. "ಎಂತ ಮಾಡುವಾಗ ಬರ್ತದೆ? ನಿಧಾನ ಹೇಳಿ" ಎಂದರು. ಪೆಟ್ಟಿಗೆ, ಎಣ್ಣೆ ತಿಕ್ಕಿದ್ದು, ಚಾಕ್, ಎಲ್ಲ ಹೇಳಿದೆ. ಕೊನೆಗೆ ನಮಾಜಿನದ್ದನ್ನೂ ಹೇಳಿದೆ. ಮಾಮಿ ಪಕ್ಕದಲ್ಲೇ ಇದ್ದರು, ತಲೆ ಎತ್ತಿ ನನ್ನನ್ನು ನೋಡಿದರು.

"ಹೇಗೆ ಬಾಗುವುದು, ಕೈಯಲ್ಲಿ ತೋರಿಸಿ" ಎಂದರು. ಗಂಡಸರು ಸುಜೂದಿನಲ್ಲಿ ಹೊಟ್ಟೆಯನ್ನು ತೊಡೆಯಿಂದ ದೂರ ಇಡುತ್ತಾರೆ, ಹೆಂಗಸರು ಮೈ ಮುದುಡಿ ಹೊಟ್ಟೆಯನ್ನು ತೊಡೆಗೆ ಒತ್ತಿಕೊಳ್ಳಬೇಕು, ನಮಗೆ ಕಲಿಸಿದ್ದು ಹಾಗೆ ಎಂದೆ. ಅವರು, "ಅಲ್ಲಿ ಉಂಟು ನೋಡಿ ಉತ್ತರ" ಎಂದರು.

ಅವರು ಹೇಳಿದ್ದನ್ನು ಪಾಠದ ಟಿಪ್ಪಣಿಯ ಹಾಗೆ ಬರೆದಿಡುತ್ತೇನೆ. ಮೂತ್ರಪಿಂಡಗಳ ಮೇಲೆ ಟೊಪ್ಪಿಯಂತೆ ಒಂದೊಂದು ಸಣ್ಣ ಗ್ರಂಥಿ ಇದೆ. ಆ ಗ್ರಂಥಿಯಿಂದಲೂ ನರಗಳ ತುದಿಯಿಂದಲೂ ನಾರ್‌ಅಡ್ರಿನಲಿನ್ ಎಂಬ ರಸ ಬರುತ್ತದೆ. ಅದು ರಕ್ತನಾಳಗಳನ್ನು ಬಿಗಿ ಮಾಡುತ್ತದೆ. ಅದಿಲ್ಲದಿದ್ದರೆ ಬೆಳಿಗ್ಗೆ ಹಾಸಿಗೆಯಿಂದ ಎದ್ದು ನಿಂತ ಕೂಡಲೇ ತಲೆ ತಿರುಗಿ ಬೀಳುತ್ತೇವೆ. ನಾಯಿ ಅಟ್ಟಿಸಿಕೊಂಡು ಬಂದರೆ ಹೆಚ್ಚು ಸುರಿಯುತ್ತದೆ, ಓಡುವ ಶಕ್ತಿ ಬರುತ್ತದೆ.

"ನಿಮ್ಮಲ್ಲಿ ನಾಯಿ ಇಲ್ಲ, ರಸ ಮಾತ್ರ ಉಂಟು" ಎಂದರು. "ಗ್ರಂಥಿಯಲ್ಲಿ ಗಡ್ಡೆ ಇರಬೇಕು ಅಂತ ನನ್ನ ಸಂಶಯ. ಒತ್ತಿದಾಗ ರಸ ಒಮ್ಮೆಲೇ ರಕ್ತಕ್ಕೆ ಬೀಳ್ತದೆ. ಆ ಮಾತ್ರೆ ಹೃದಯಕ್ಕೆ ಬ್ರೇಕ್ ಹಾಕಿತು, ನಾಳದ ಬಿಗಿತ ಬಿಡಿಸಲಿಲ್ಲ. ಅದಕ್ಕೇ ಅಷ್ಟು ಏರಿದ್ದು. ನೀವು ಹೆದರಿ ಹೀಗಾದದ್ದಲ್ಲ. ಹೀಗಾದ ಕಾರಣ ಹೆದರಿದ್ದು."

ಅಳು ಬಂತು. ಅಲ್ಲೇ, ಅವರ ಮುಂದೆಯೇ ಅತ್ತೆ.

ಆಮೇಲೆ ಕೇಳಿದರು: "ನಿಮ್ಮ ತಾಯಿಯ ಕಡೆ, ತಂದೆಯ ಕಡೆ ಯಾರಿಗಾದರೂ ಹೀಗೆ ಬರ್ತಿತ್ತಾ? ಚಿಕ್ಕ ಪ್ರಾಯದಲ್ಲಿ ತಟ್ಟನೆ ಸತ್ತವರು? ಇದು ಕೆಲವು ಮನೆತನಗಳಲ್ಲಿ ಒಬ್ಬರಿಂದ ಒಬ್ಬರಿಗೆ ಬರ್ತದೆ. ಹಾಗಿದ್ದರೆ ಮಕ್ಕಳನ್ನೂ ನೋಡಬೇಕಾಗ್ತದೆ."

ಮಾಮಿಯ ಕಣ್ಣು ನನ್ನ ಮೇಲಿತ್ತು. "ಯಾರೂ ಇಲ್ಲ" ಎಂದೆ.

12 ಅಕ್ಟೋಬರ್, ಮಂಗಳವಾರ

ಮನೆಗೆ ಕಳುಹಿಸಿದ್ದಾರೆ, ಜೊತೆಗೆ ಐದು ಲೀಟರಿನ ಒಂದು ಕ್ಯಾನು. ಇಪ್ಪತ್ತನಾಲ್ಕು ಗಂಟೆಯ ಮೂತ್ರ ಒಂದು ಹನಿ ಬಿಡದೆ ಅದರಲ್ಲಿ ಹಾಕಿ ತರಬೇಕು. ತಳದಲ್ಲಿ ಆಸಿಡ್ ಇದೆ, ಕೈಗೆ ತಾಗಬಾರದು. ಬಾಳೆಹಣ್ಣು ತಿನ್ನಬಾರದು, ಕಾಫಿ ಕುಡಿಯಬಾರದು. ಮಾಮಿಗೆ ಆ ಕ್ಯಾನನ್ನು ಮನೆಯೊಳಗೆ ಇಡುವುದೇ ದೊಡ್ಡ ಸಂಕಟ. ಬಚ್ಚಲಿನ ಮೂಲೆಯಲ್ಲಿಟ್ಟು, ಸುತ್ತ ಮೂರು ಸಲ ನೀರು ಸುರಿದು, "ಇದನ್ನು ನೋಡಿ ಅವರು ಹೆದರಿಕೆ ಅಳೆಯುವುದಾ? ಡಾಕ್ಟರರಿಗೆ ಬೇರೆ ಕೆಲಸ ಇಲ್ಲವಾ?" ಎಂದರು. ಇವತ್ತು ಮಂಗಳೂರು ಬಸ್ಸಿನಲ್ಲಿ ಅದನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದವರೂ ಅವರೇ. ಪಕ್ಕದವಳು "ಜೇನಾ?" ಎಂದು ಕೇಳಿದಳು. ಮಾಮಿ "ಅಲ್ಲ, ಔಷಧಿ" ಎಂದರು. ಪಂಪುವೆಲ್ ಬರುವವರೆಗೆ ಇಬ್ಬರೂ ಕಿಟಕಿಯ ಹೊರಗೆ ನೋಡುತ್ತಾ ನಗು ತಡೆದುಕೊಂಡೆವು.

ನಮಾಜಿಗೆ ಅವರೇ ದಾರಿ ಹೇಳಿದರು. "ಕಾಯಿಲೆಯವರು ಕುರ್ಚಿಯಲ್ಲಿ ಕೂತು ತಲೆ ತಗ್ಗಿಸಿದರೆ ಸಾಕು. ಇಷ್ಟು ದಿನ ಬಾಯಿಬಿಟ್ಟು ಹೇಳಬಾರದಿತ್ತಾ? ಮುಟ್ಟು ಅಂತ ಸುಳ್ಳು ಹೇಳಲಿಕ್ಕೆ ಗೊತ್ತಾಗ್ತದೆ!"

ಗೊತ್ತಿತ್ತು ಅವರಿಗೆ.

18 ಅಕ್ಟೋಬರ್, ಸೋಮವಾರ

ಗಡ್ಡೆ ಇದೆ. ಬಲಗಡೆ. ಸ್ಕ್ಯಾನಿನಲ್ಲಿ ನಿಂಬೆಹಣ್ಣಿನಷ್ಟು ಬಿಳಿ. ಮೂತ್ರದ ವರದಿಯಲ್ಲಿ ಆ ರಸದ ಅಂಶ ಇರಬೇಕಾದ್ದರ ಆರು ಪಟ್ಟು. ಕೆಲವು ವಾರ ನಾಳ ಸಡಿಲಿಸುವ ಮಾತ್ರೆ ತೆಗೆದುಕೊಂಡು, ನವೆಂಬರಿನಲ್ಲಿ ಆಪರೇಷನ್. ಗಡ್ಡೆ ಮುಟ್ಟುವಾಗ ಬಿ.ಪಿ. ಆಕಾಶಕ್ಕೆ ಹೋಗಬಹುದು, ಅದರ ರಕ್ತನಾಳ ಕಟ್ಟಿದ ಮೇಲೆ ಪಾತಾಳಕ್ಕೆ ಬೀಳಬಹುದು ಎಂದು ಮುಚ್ಚಿಡದೆ ಹೇಳಿದರು.

ಅಸ್ಕರ್ ನೋಡಲು ಬಂದಿದ್ದ. ಮಾಮಿ ಒಳಗೆ ಹೋದಾಗ, ಡಾಕ್ಟರರು ಮನೆತನದ ವಿಷಯ ಕೇಳಿದರು ಎಂದೆ. ಅವನ ಮುಖ ಇಳಿಯಿತು.

"ಎಂತ ಹೇಳಿದೆ ನೀನು?"

"ಯಾರೂ ಇಲ್ಲ ಅಂದೆ."

"ಹಾಗೇ ಇರಲಿ. ಮುರ್ಶಿದಾಳಿಗೆ ಇನ್ನು ನಾಲ್ಕೈದು ವರ್ಷದಲ್ಲಿ ಸಂಬಂಧ ನೋಡಬೇಕು. ನನಗೂ ಇಬ್ಬರು ಹೆಣ್ಣು ಮಕ್ಕಳು. ಸತ್ತವಳು ಸತ್ತಳು. ನಿನ್ನದು ಆಪರೇಷನ್ ಮಾಡಿದರೆ ಸರಿಯಾಗ್ತದಲ್ಲ, ಮತ್ತೆಂತ?"

ನನಗೂ ಸರಿ ಎನ್ನಿಸಿತು. ಅವನಿಗೆ ಚಹಾ ಕೊಟ್ಟು ಕಳುಹಿಸಿದೆ.

20 ಅಕ್ಟೋಬರ್

ದಸರಾ ರಜೆ. ಮುರ್ಶಿದಾ ಊಟಕ್ಕೆ ಕರೆದರೆ ಬರುವುದಿಲ್ಲ, ಬಚ್ಚಲಲ್ಲಿ ಅರ್ಧ ಗಂಟೆ. ಮುಖ ತೊಳೆದು ಕೂದಲೆಲ್ಲ ಒದ್ದೆ ಮಾಡಿಕೊಂಡು ಬಂದಳು. ದೊಡ್ಡವಳಾಗುವ ಲಕ್ಷಣವಿರಬೇಕು.

ಅವಳ ನೆನಪೇ ಬರುತ್ತಿದೆ, ಉಮ್ಮನ ತಂಗಿಯದು. "ಬಂತು" ಎನ್ನುತ್ತಿದ್ದಳಲ್ಲ, ನಿಜವಾಗಿಯೂ ಬರುತ್ತಿತ್ತು. ಅವಳು ಸುಳ್ಳು ಹೇಳುತ್ತಿರಲಿಲ್ಲ, ಅವಳಿಗೆ ಹುಚ್ಚೂ ಇರಲಿಲ್ಲ. ಚಿಲಕದ ಒಳಗಿನಿಂದ ನನ್ನ ಹೆಸರು ಹಿಡಿದು ಕರೆದಿದ್ದಾಳೆ, "ಸಾಲಿಹಾ, ಸ್ವಲ್ಪ ಇಲ್ಲೇ ನಿಲ್ಲು" ಎಂದು. ನಾನು ಓಡಿಹೋಗಿದ್ದೇನೆ. ನಾನು ಬಾಯಿ ಮುಚ್ಚಿ ಕೂತರೆ, ಇನ್ನು ಹತ್ತು ಹದಿನೈದು ವರ್ಷಕ್ಕೆ ಮುರ್ಶಿದಾ ಯಾರದೋ ಮನೆಯಲ್ಲಿ ಹೀಗೇ ಗೋಡೆಗೆ ಒರಗಿ ಕೂತು, ತನಗೆ ತಲೆ ಕೆಟ್ಟಿತು ಎಂದುಕೊಳ್ಳುತ್ತಾಳೆ. ಆಗ ಅವಳಿಗೆ ಹೇಳುವವರು ಯಾರು?

22 ಅಕ್ಟೋಬರ್, ಶುಕ್ರವಾರ

ಹೇಳಿದೆ.

ಮಾತ್ರೆಯ ಪ್ರಮಾಣ ನೋಡಲು ಹೋಗಿದ್ದೆವು. ಡಾಕ್ಟರರು ಚೀಟಿ ಬರೆಯುತ್ತಿದ್ದರು. "ಅವತ್ತು ನಾನು ಸುಳ್ಳು ಹೇಳಿದೆ ಡಾಕ್ಟ್ರೇ" ಎಂದೆ. ಒಮ್ಮೆ ಶುರು ಮಾಡಿದ ಮೇಲೆ ನಿಲ್ಲಲಿಲ್ಲ. ಬಿಳಿಚಿಕೊಳ್ಳುತ್ತಿದ್ದದ್ದು, ಓಡುತ್ತಿದ್ದದ್ದು, ಕೋಣೆ, ಚಿಲಕ, ಮೂವತ್ತೊಂದು ವರ್ಷ. ಮದುವೆಯಲ್ಲಿ ಮುಚ್ಚಿಟ್ಟದ್ದನ್ನೂ ಹೇಳಿದೆ, ಅದು ಅವರಿಗೆ ಬೇಕಾಗಿರಲಿಲ್ಲ. ಮಾಮಿಯ ಕಡೆ ತಿರುಗಿ ನೋಡುವ ಧೈರ್ಯವಾಗಲಿಲ್ಲ. ಡಾಕ್ಟರರು ಪೆನ್ನು ಕೆಳಗಿಟ್ಟು, "ಸೋಮವಾರ ಮಗಳನ್ನು ಕರೆದುಕೊಂಡು ಬನ್ನಿ" ಎಂದಷ್ಟೇ ಹೇಳಿದರು.

ಬಸ್ಸಿನಲ್ಲಿ ಮಾಮಿ ಮಾತಾಡಲಿಲ್ಲ. ಫರಂಗಿಪೇಟೆ ದಾಟಿತು, ಬಿ.ಸಿ. ರೋಡ್ ದಾಟಿತು. ಇನ್ನು ರವೂಫ್‌ಗೆ ಫೋನ್ ಹೋಗುತ್ತದೆ, ನನ್ನ ಪೆಟ್ಟಿಗೆ ಪುತ್ತಿಗೆಗೆ ಹೋಗುತ್ತದೆ ಎಂದು ಎಣಿಸುತ್ತಾ ಕೂತಿದ್ದೆ. ಕಲ್ಲಡ್ಕದ ಹತ್ತಿರ ಬರುವಾಗ ಅವರು, "ಅವಳ ಹೆಸರೆಂತ?" ಎಂದು ಕೇಳಿದರು.

"ಯಾರದ್ದು?"

"ಆ ಹುಡುಗಿಯದ್ದು. ಕೋಣೆಯಲ್ಲಿ ಹಾಕಿದ್ದು ಅಂದೆಯಲ್ಲ."

"ಜುಲೈಕಾ."

ಅವರು ತಲೆಯ ಮೇಲಿನ ಬಟ್ಟೆ ಸರಿಮಾಡಿಕೊಂಡು ಕೈಯೆತ್ತಿದರು. ಅಷ್ಟು ಜನ ತುಂಬಿದ್ದ ಬಸ್ಸಿನಲ್ಲಿ ಜುಲೈಕಾ ಚಿಕ್ಕಮ್ಮನಿಗಾಗಿ, ಹೆಸರು ಹೇಳಿ, ದುವಾ ಮಾಡಿದರು. ಇಪ್ಪತ್ತೆರಡು ವರ್ಷಗಳಲ್ಲಿ ಯಾರಾದರೂ ಮಾಡಿದ್ದರೆ ನಾನು ಕೇಳಿಲ್ಲ. ಇಳಿಯುವಾಗ, "ಅಸ್ಕರ್ ಒಬ್ಬ ಕಳ್ಳ. ನೀನು ಇನ್ನೊಬ್ಬಳು" ಎಂದು ನನ್ನ ಕೈ ಹಿಡಿದೇ ರಸ್ತೆ ದಾಟಿಸಿದರು.

25 ಅಕ್ಟೋಬರ್, ಸೋಮವಾರ

ಇವತ್ತಿನ ಅಕ್ಷರ ನನಗೇ ಓದಲಾಗುತ್ತಿಲ್ಲ.

ಡಾಕ್ಟರರು ಮುರ್ಶಿದಾಳ ಬಿ.ಪಿ. ನೋಡಿದರು, ಸರಿಯಿತ್ತು. ನಾನು ಉಸಿರು ಬಿಟ್ಟೆ. ಅವರು ಪಟ್ಟಿ ಬಿಚ್ಚುತ್ತಾ ಏನೋ ಆಟದ ವಿಷಯ ಕೇಳುವ ಹಾಗೆ, "ನಿಂಗೆ ಯಾವತ್ತಾದ್ರೂ ಎದೆ ಡಬಡಬ ಅಂತದಾ ಮಗಾ?" ಎಂದರು.

ಅವಳು ತಿರುಗಿ ನನ್ನ ಮುಖ ನೋಡಿದಳು, ಹೇಳಲಾ ಬೇಡವಾ ಎಂದು ಕೇಳುವ ಹಾಗೆ.

"ಹೇಳು" ಎಂದೆ.

"ಬರ್ತದೆ. ಈ ಮಳೆಗಾಲದಿಂದ." ಖೋಖೋದಲ್ಲಿ ಕುಕ್ಕರಗಾಲಿನಲ್ಲಿ ಕೂತಾಗ ಬರುತ್ತಿತ್ತಂತೆ. ಬೆವರು, ತಲೆನೋವು. ಸತ್ತೇ ಹೋಗುತ್ತೇನೆ ಅನ್ನಿಸುತ್ತದಂತೆ. ನನ್ನ ಹನ್ನೆರಡು ವರ್ಷದ ಮಗು ಈ ಮಾತನ್ನು ನೆಲ ನೋಡುತ್ತಾ ಹೇಳಿತು.

"ನನಗೆ ಯಾಕೆ ಹೇಳಲಿಲ್ಲ?" ನನ್ನ ದನಿ ಏರಿತ್ತು.

"ನಿಂಗೆ ಬರುವಾಗ ನೀನು ಬಾಗಿಲು ಹಾಕಿಕೊಳ್ತೀಯಲ್ಲ ಉಮ್ಮಾ. ಯಾರಿಗೂ ಹೇಳುವುದಲ್ಲ ಅದು ಅಂತ ನಾನೂ ಹಾಗೇ ಮಾಡಿದೆ."

ಅವಳ ಕೈಗೂ ಒಂದು ಕ್ಯಾನು ಕೊಟ್ಟು ಕಳುಹಿಸಿದ್ದಾರೆ.

24 ನವೆಂಬರ್, ಬುಧವಾರ

ನನ್ನ ಆಪರೇಷನ್ ಆಗಿ ಒಂಬತ್ತು ದಿನ. ಹೊಲಿಗೆ ಎಳೆಯುತ್ತದೆ, ಹೆಚ್ಚು ಬರೆಯಲಾರೆ. ಒಳಗೆ ಎರಡು ಸಲ ಬಿ.ಪಿ. ಕೈಮೀರಿತ್ತಂತೆ. ಮುರ್ಶಿದಾಳಿಗೂ ಗಡ್ಡೆ ಇದೆ, ಎಡಗಡೆ, ಚಿಕ್ಕದು, ದ್ರಾಕ್ಷಿಯಷ್ಟು. ಬೇಗ ಸಿಕ್ಕಿದ್ದು ಪುಣ್ಯ ಎನ್ನುತ್ತಾರೆ. ಮಾತ್ರೆ ಶುರುವಾಗಿದೆ. ರಂಜಾನ್ ಕಳೆದ ಮೇಲೆ ಆಪರೇಷನ್. ಅಸ್ಕರ್‌ಗೆ ಫೋನ್ ಮಾಡಿ, ನಿನ್ನ ಇಬ್ಬರು ಮಕ್ಕಳನ್ನೂ ಕರೆದುಕೊಂಡು ಬಾ ಎಂದೆ. ನೋಡುತ್ತೇನೆ ಎಂದ. ನೋಡುವುದಲ್ಲ, ಬರದಿದ್ದರೆ ನಾನೇ ಪುತ್ತಿಗೆಗೆ ಬಂದು ಕರೆದುಕೊಂಡು ಹೋಗುತ್ತೇನೆ ಎಂದು ಇಟ್ಟುಬಿಟ್ಟೆ.

ರವೂಫ್ ರಜೆ ಹಾಕಿ ಬರುತ್ತಿದ್ದಾರೆ. ಎಲ್ಲ ಚೆನ್ನಾಗಿಲ್ಲ, ಬನ್ನಿ ಎಂದು ನಾನೇ ಕರೆದೆ.

18 ಜನವರಿ 2000, ಮಂಗಳವಾರ. ಆಸ್ಪತ್ರೆಯ ವರಾಂಡ

ಎಂಟೂಕಾಲಿಗೆ ಮುರ್ಶಿದಾಳನ್ನು ಒಳಗೆ ಕರೆದುಕೊಂಡು ಹೋದರು. ಹಸಿರು ಗೌನಿನಲ್ಲಿ ಅವಳು ಇನ್ನೂ ಚಿಕ್ಕವಳಾಗಿ ಕಂಡಳು. ಒಳಗಿನ ಬಾಗಿಲಿನವರೆಗೆ ತಾಯಿಯೊಬ್ಬಳನ್ನು ಬಿಡುತ್ತಾರೆ. "ಹೆದರಿಕೆ ಆಗ್ತದೆ ಉಮ್ಮಾ" ಎಂದಳು. "ನನಗೂ ಆಗ್ತದೆ" ಎಂದೆ. ಬಾಗಿಲು ಮುಚ್ಚುವವರೆಗೆ ಕೈ ಬಿಟ್ಟಿರಲಿಲ್ಲ.

ರವೂಫ್ ಮೆಟ್ಟಿಲಿನ ಹತ್ತಿರ ನಿಂತಿದ್ದಾರೆ, ಕೂರಿ ಎಂದರೂ ಕೂರುವುದಿಲ್ಲ. ದುವಾ ಹೇಳುತ್ತಿರುವ ಮಾಮಿಯ ತುಟಿ ನಿಂತಿಲ್ಲ. ನನ್ನ ಮುಖ ನೋಡಿ ಒಬ್ಬ ಸಿಸ್ಟರ್ ಬಂದು ಬಿ.ಪಿ. ನೋಡಿದಳು. ನೂರ ಮೂವತ್ತು, ಎಂಬತ್ತನಾಲ್ಕು. "ನೀವು ಸರಿಯಾಗಿದ್ದೀರಿ" ಎಂದಳು. ಇಷ್ಟು ಹೆದರಿಕೆ ನನ್ನ ಜನ್ಮದಲ್ಲಿ ಆಗಿರಲಿಲ್ಲ.

ಹತ್ತೂವರೆ. ಏನೂ ಹೇಳಿಲ್ಲ.

ಹನ್ನೊಂದೂ ಮುಕ್ಕಾಲು. ಒಬ್ಬರು ಓಡುತ್ತಾ ಒಳಗೆ ಹೋದರು. ಬೇರೆ ಕೋಣೆಗೂ ಇರಬಹುದು.

ಸಂಜೆ ಐದು ಗಂಟೆ

ಒಂದು ಗಂಟೆಗೆ ಡಾಕ್ಟರ್ ಕಮಲಾಕ್ಷರು ಹೊರಗೆ ಬಂದು ರವೂಫ್‌ರ ಭುಜ ತಟ್ಟಿದರು. ಮಾಮಿ ಅಲ್ಲೇ ನೆಲಕ್ಕೆ ಕೂತುಬಿಟ್ಟರು. ನಾಲ್ಕಕ್ಕೆ ನನ್ನನ್ನು ಒಬ್ಬಳನ್ನೇ ಒಳಗೆ ಬಿಟ್ಟರು. ಮೂಗಿನಲ್ಲಿ ನಳಿಗೆ, ತುಟಿ ಒಣಗಿತ್ತು. ಹತ್ತಿಯಲ್ಲಿ ನೀರು ಒತ್ತಿದೆ. ತುಂಬ ಹೊತ್ತಿನ ಮೇಲೆ ಕಣ್ಣು ತೆರೆದು ನನ್ನನ್ನು ಗುರುತು ಹಿಡಿದಳು.

"ಹೊರಗೆ ನಿಂಗೆ ಹೆದರಿಕೆ ಆಯ್ತಾ?" ಎಂದು ಕೇಳಿದಳು.

"ತುಂಬಾ ಆಯ್ತು" ಎಂದೆ.

"ನಂಗೂ" ಎಂದು ಕಣ್ಣು ಮುಚ್ಚಿಕೊಂಡಳು, ಹಾಗೇ ನಿದ್ದೆ ಹೋದಳು.